ನೆಗಡಿ ಸಿದ್ಧಾಂತ

ಆ ದಿನ ಬೆಳಿಗ್ಗೆ ಸೊಸೆ ಕೊಳದ ಮೆಟ್ಟಿಲ ಮೇಲೆ ಹೆಣ ಕಂಡು ಕಿಟಾರನೆ ಕಿರುಚಿಕೊಂಡಳು. ಆ ಕಿರುಚಾಟ ಕೇಳಿ ತಾನೇ ಓಡಿಬಂದು, ನಾಡಿ ಹಿಡಿದು, "ಹೋಗಿಬಿಟ್ಟಿದ್ದಾರೆ" ಎಂದಳು. "ಅಣ್ಣಾ!" ಎಂದು ತಾನೇ ಬಿಕ್ಕಿ ಬಿಕ್ಕಿ ಅತ್ತಳು. ಊಟದ ಹೊತ್ತಿಗೆ ಮುಂಚೆ ತನ್ನನ್ನು ತಾನೇ ಕುರ್ಚಿಯಲ್ಲಿ ಕೂರಿಸಿ, "ನಿಜ ಹೇಳು, ನಿನ್ನೆ ಸಂಜೆ ಎಲ್ಲಿದ್ದೆ?" ಎಂದು ಗದರಿಸಿದಳು. ತಾನೇ ತಡವರಿಸಿ ಸುಳ್ಳು ಹೇಳಿದಳು, ಆ ಸುಳ್ಳನ್ನು ತಾನೇ ಹಿಡಿದಳು. ಇಷ್ಟೆಲ್ಲ ಮುಗಿಸಿಕೊಂಡು ಅರ್ಧ ಕಿಲೋ ಬೀನ್ಸ್ ಕೊಂಡು ಮನೆಗೆ ಬಂದಳು.

ಅವಳ ಕೆಲಸವೇ ಅದು. ‘ಕೊಳದಂಚಿನ ಮನೆ’ ಎಂಬ ಹೊರದೇಶದ ಪತ್ತೇದಾರಿ ಧಾರಾವಾಹಿಗೆ ನಮ್ಮ ಭಾಷೆಯಲ್ಲಿ ದನಿ ಕೊಡುವುದು. ಶ್ರೀಮಂತ ಮುದುಕನೊಬ್ಬ ತನ್ನ ಮನೆಯ ಹಿಂದಿನ ಕೊಳದ ಮೆಟ್ಟಿಲ ಮೇಲೆ ಸತ್ತು ಬಿದ್ದಿರುತ್ತಾನೆ, ಕೊಂದವರು ಯಾರು ಅನ್ನುವುದೇ ಕಥೆ. ಹೆಣ ಕಂಡ ಅಡುಗೆಯವಳು, ನಾಡಿ ನೋಡಿದ ನರ್ಸು, ಅತ್ತ ತಂಗಿ, ಗದರಿಸಿದ ಇನ್‌ಸ್ಪೆಕ್ಟರಮ್ಮ. ಹೆಂಗಸರು ನಾಲ್ಕು ಜನ, ಮುಖ ನಾಲ್ಕು, ಗಂಟಲು ಮಾತ್ರ ಒಂದೇ.

ಸ್ಟುಡಿಯೋ ಅಂದರೆ ದೊಡ್ಡದಾಗಿ ಏನೂ ಊಹಿಸಿಕೊಳ್ಳಬೇಡಿ. ಟೈರ್ ಅಂಗಡಿಯೊಂದರ ಮಹಡಿಯ ಮೇಲಿನ ಎರಡು ಕೋಣೆ. ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿದ್ದಾರೆ. ಕೆಳಗೆ ಗಾಳಿ ತುಂಬುವ ಯಂತ್ರ ಶುರುವಾದರೆ ಮೇಲೆ ಕೊಲೆ ತನಿಖೆ ನಿಲ್ಲಬೇಕು. ರೆಕಾರ್ಡಿಂಗ್ ಹೊತ್ತಿನಲ್ಲಿ ಫ್ಯಾನ್ ಹಾಕುವಂತಿಲ್ಲವಾದ್ದರಿಂದ ಹಿಮ ಬೀಳುವ ದೃಶ್ಯದಲ್ಲೂ ಇನ್‌ಸ್ಪೆಕ್ಟರಮ್ಮ ಬೆವರು ಒರೆಸಿಕೊಳ್ಳುತ್ತಲೇ ಮಾತಾಡಬೇಕು. ಅಲ್ಲಿನ ಯಜಮಾನ, ರೆಕಾರ್ಡಿಂಗ್ ಮಾಡುವವನು, ಟೀ ತರುವವನು, ಮೂರೂ ಒಬ್ಬನೇ. ಅವನ ನಿಜವಾದ ಹೆಸರು ಅವನಿಗೇ ಮರೆತುಹೋಗಿರಬೇಕು, ಎಲ್ಲರೂ ಸೌಂಡಣ್ಣ ಅಂತಲೇ ಕರೆಯುವುದು.

ಶುರುವಿನಲ್ಲೇ ಸೊಸೆ ಕೇಳಿದ್ದಳು. "ಸೌಂಡಣ್ಣ, ನಾಲ್ಕು ಪಾತ್ರಕ್ಕೆ ನಾಲ್ಕು ಜನರನ್ನ ಕರೆಸಬಾರದಾ?"

"ಕರೆಸಬಹುದು ಅಕ್ಕಾ. ನಿಲ್ಲಿಸೋಕೆ ಜಾಗ ಎಲ್ಲಿ? ಒಬ್ಬರು ಉಸಿರು ಬಿಟ್ರೆ ಇನ್ನೊಬ್ಬರು ಎಳ್ಕೋಬೇಕು ಇಲ್ಲಿ. ನೀನು ನರ್ಸಿಗೆ ಸ್ವಲ್ಪ ಮೂಗು ಹಾಕು, ಅಡುಗೆಯವಳಿಗೆ ಪೆನ್ಸಿಲ್ ಕಚ್ಕೋ, ತಂಗಿಗೆ ಮೇಲಿನ ಗಂಟಲು, ಇನ್‌ಸ್ಪೆಕ್ಟರಿಗೆ ಹೊಟ್ಟೆಯಿಂದ ತೆಗಿ. ಅವರಪ್ಪನಾಣೆ ಯಾರಿಗೂ ಗೊತ್ತಾಗಲ್ಲ."

ಚಾನೆಲ್‌ನವರು ಒಂದು ಕರಾರಿಗೆ ಸಹಿ ಹಾಕಿಸಿಕೊಂಡಿದ್ದರು. ಕಥೆ ಏನು, ದನಿ ಯಾರದು, ಕೊನೆ ಹೇಗೆ, ಒಂದನ್ನೂ ಹೊರಗೆ ಬಾಯಿಬಿಡುವಂತಿಲ್ಲ. ಬಿಟ್ಟರೆ ಕೆಲಸ ಹೋಯಿತು ಅಂತಲೇ ಲೆಕ್ಕ. ಹಾಗಾಗಿ ಮನೆಯಲ್ಲಿ ಅವಳು ಹೇಳಿದ್ದು, ಬಾತ್‌ರೂಮ್ ತೊಳೆಯುವ ದ್ರಾವಣದ ಜಾಹೀರಾತಿಗೆ ದನಿ ಕೊಡುತ್ತೇನೆ ಅಂತ. ಅದೂ ಸುಳ್ಳೇನಲ್ಲ, ಆ ಕೆಲಸವನ್ನೂ ಮಾಡುತ್ತಿದ್ದಳು. ಅತ್ತೆ ಬಂದವರ ಮುಂದೆಲ್ಲ, "ಫಿನಾಯಿಲು ಮಾತಾಡಿದ್ದು ಕೇಳಿದೀರಾ? ಅದು ನಮ್ಮ ಸೊಸೆ" ಎಂದು ಪರಿಚಯಿಸುತ್ತಿದ್ದರು.

ಇಡೀ ದಿನ ನಾಲ್ಕು ಜನರ ಜೀವ ಒಂದೇ ಗಂಟಲಲ್ಲಿ ಹೊತ್ತು ತಿರುಗಿದವಳಿಗೆ ಮನೆಗೆ ಬಂದ ಮೇಲೆ ಮಾತು ಬೇಡವಾಗುತ್ತಿತ್ತು. ಹೂಂ ಅಂದರೆ ಹೂಂ, ಊಹೂಂ ಅಂದರೆ ಊಹೂಂ. ಉಪ್ಪು ಬೇಕಾದರೆ ಬೆರಳು ತೋರಿಸುವುದು. "ಇವಳು ಬಾಯಿ ಬಿಟ್ರೆ ಮುತ್ತು ಉದುರಿ ಕಳೆದುಹೋಗುತ್ತೆ ಅಂತ ಭಯ" ಎಂದು ಅತ್ತೆ ಗೊಣಗುವುದು ನಡೆದೇ ಇತ್ತು. ಗಂಡ ಲಿಫ್ಟ್ ಮೆಕ್ಯಾನಿಕ್. ಅವನ ಕಿವಿಗೆ ಮೋಟಾರಿನ ಸದ್ದು ಬಿಟ್ಟರೆ ಇನ್ನೊಂದು ನಾಟುತ್ತಿರಲಿಲ್ಲ, ಹೆಂಡತಿಯ ಮೌನ ಅವನಿಗೆ ಗೊತ್ತೇ ಆಗಿರಲಿಲ್ಲ. ಅವಳು ಪೂರ್ತಿಯಾಗಿ ಆಡುತ್ತಿದ್ದುದು ದಿನಕ್ಕೆ ಒಂದೇ ಮಾತು. ಬೆಳಿಗ್ಗೆ ಹೊಸ್ತಿಲಲ್ಲಿ ನಿಂತು, ಚಪ್ಪಲಿ ಮೆಟ್ಟುತ್ತಾ, "ಗ್ಯಾಸ್ ಆರಿಸಿದೀನಿ, ಬಾಗಿಲು ಹಾಕ್ಕೊಳ್ಳಿ" ಅನ್ನುವುದು. ‘ಹಾಕ್ಕೊಳ್ಳಿ’ ಅನ್ನುವುದರ ಕೊನೆಯ ಅರ್ಧ ಮೆಟ್ಟಿಲ ಮೇಲಿರುತ್ತಿತ್ತು.

ಅತ್ತೆಯ ವಿಷಯ ಹೇಳಬೇಕು. ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ದುಡಿದು ನಿವೃತ್ತರಾದವರು. "ನಂಬರ್ ಪ್ಲೀಸ್" ಅಂದುಕೊಂಡೇ ಹರೆಯ ಕಳೆದವರು. ಊರಿನ ದೊಡ್ಡ ಮನುಷ್ಯರೆಲ್ಲ ಹಲೋ ಅಂದ ಕೂಡಲೇ ಯಾರು, ಎಲ್ಲಿಂದ, ಹೆಂಡತಿ ಪಕ್ಕದಲ್ಲಿದ್ದಾಳೋ ಇಲ್ಲವೋ ಎಲ್ಲವನ್ನೂ ಹೇಳಬಲ್ಲವರಾಗಿದ್ದರು. ಆಮೇಲೆ ಎಕ್ಸ್‌ಚೇಂಜಿಗೆ ಯಂತ್ರ ಬಂತು, ಅತ್ತೆಗೆ ಹಾರ ಹಾಕಿ ಮನೆಗೆ ಕಳಿಸಿದರು. ಅಂದಿನಿಂದ ಅವರ ಕಿವಿಗೆ ಕೆಲಸವಿಲ್ಲ, ಅವರ ಮಾತಿಗೆ ಕಿವಿಯಿಲ್ಲ.

ಅವರ ಅಪಾರ್ಟ್‌ಮೆಂಟಿನ ನೆಲಮಹಡಿಯಲ್ಲಿ ಎಲ್ಲರಿಗೂ ಸೇರಿದ ಒಂದು ಹಾಲ್ ಇತ್ತು. ಅಲ್ಲಿ ಗೋಡೆಯಗಲದ ಟಿವಿ. ಭಾನುವಾರ ಸಂಜೆ ‘ಕೊಳದಂಚಿನ ಮನೆ’ ಬರುವಾಗ ಇಡೀ ಕಟ್ಟಡ ಅಲ್ಲೇ. ಪ್ಲಾಸ್ಟಿಕ್ ಕುರ್ಚಿಗಳ ಸಾಲಿನ ಮುಂದೆ ಮೆತ್ತೆ ಹಾಕಿದ ಬೆತ್ತದ ಕುರ್ಚಿ ಒಂದೇ ಒಂದು. ಅದರ ತೋಳಿನ ಮೇಲೆ ರಿಮೋಟು. ಅದು ನಿವೃತ್ತ ವಿಜ್ಞಾನದ ಮೇಷ್ಟ್ರ ಜಾಗ. ಅತ್ತೆಯ ಜಾಗ ಬಾಗಿಲ ಹತ್ತಿರ, ಚಪ್ಪಲಿ ಸ್ಟ್ಯಾಂಡಿನ ಪಕ್ಕದ ಸ್ಟೂಲು. ತಡವಾಗಿ ಬಂದವರು ಚಪ್ಪಲಿ ಬಿಡುವಾಗ ಜೋಲಿ ತಪ್ಪದಿರಲಿ ಅಂತ ಅತ್ತೆಯ ಹೆಗಲು ಹಿಡಿದುಕೊಳ್ಳುತ್ತಿದ್ದರು. ಗೋಡೆ ಹಿಡಿದ ಹಾಗೆ. ಒಬ್ಬರೂ ಅವರ ಮುಖ ನೋಡುತ್ತಿರಲಿಲ್ಲ.

ಕಂತು ಮುಗಿದ ಮೇಲೆ ಚರ್ಚೆ. ಅದು ಕಂತಿಗಿಂತ ಉದ್ದ.

"ಗಡಿಯಾರ ನೋಡಿ. ಲೋಲಕ ಎಡಕ್ಕೆ ಹೆಚ್ಚು ವಾಲುತ್ತೆ" ಎನ್ನುತ್ತಿದ್ದರು ಮೇಷ್ಟ್ರು. "ಮನೆಯ ಬುನಾದಿಯೇ ಕುಸಿದಿದೆ. ಅಲ್ಲಿ ಸುರಂಗ ಇದೆ. ಸುರಂಗ ಅಂದ ಮೇಲೆ ಕೊಲೆಗಾರ ಒಳಗಿನಿಂದ ಬಂದಿದ್ದಾನೆ. ಇದು ಶುದ್ಧ ಭೌತಶಾಸ್ತ್ರ."

"ಸುರಂಗನೂ ಇಲ್ಲ, ಮಣ್ಣೂ ಇಲ್ಲ ಸಾರ್" ಎನ್ನುತ್ತಿದ್ದ ಮೂಲೆಯ ಔಷಧಿ ಅಂಗಡಿಯವನು. "ಆ ನರ್ಸಿನ ಕೈಲಿರೋ ಮಾತ್ರೆ ಡಬ್ಬಿ ಮುಚ್ಚಳ ನೀಲಿ. ಬಿಪಿ ಮಾತ್ರೆಗೆ ನೀಲಿ ಮುಚ್ಚಳ ಎಲ್ಲಾದ್ರೂ ಉಂಟಾ? ವಿಷ ಅದು."

ಇನ್ಶೂರೆನ್ಸ್ ಏಜೆಂಟನದು ಯಾವಾಗಲೂ ಒಂದೇ ಪ್ರಶ್ನೆ. ಹೆಣ ಬೀಳಲಿ, ಮಳೆ ಬೀಳಲಿ, ನಾಯಿ ಬೊಗಳಲಿ, ಅವನು ಕೈಯೆತ್ತಿ, "ಅದೆಲ್ಲ ಇರಲಿ, ನಾಮಿನಿ ಯಾರು?" ಎನ್ನುತ್ತಿದ್ದ.

ಅತ್ತೆ ಒಂದೆರಡು ಸಲ ಬಾಯಿ ತೆರೆದು ನೋಡಿದರು. ಆ ಹೊತ್ತಿಗೆ ಸರಿಯಾಗಿ ಯಾರೋ ಅವರ ಹೆಗಲು ಹಿಡಿದು ಚಪ್ಪಲಿ ಕಳಚಿದರು. ಬಾಯಿ ಮುಚ್ಚಿಕೊಂಡರು.

ಹೀಗಿರುವಾಗ ಸೊಸೆಗೆ ನೆಗಡಿಯಾಯಿತು. ಎಂಥ ನೆಗಡಿ ಅಂತೀರಿ, ಮೂಗು ಕಟ್ಟಿ ‘ಮ’ ಎಲ್ಲ ‘ಬ’ ಆಗಿತ್ತು. ಮನೆಯಲ್ಲಿ ಅತ್ತೆಯೇ ಪಾತ್ರೆಯಲ್ಲಿ ಬಿಸಿನೀರಿಟ್ಟು, ಅವಳ ತಲೆಯ ಮೇಲೆ ಟವೆಲ್ ಹೊದಿಸಿ, ಕತ್ತು ಒತ್ತಿ ಹಿಡಿದು ಹಬೆ ತೆಗೆದುಕೊಳ್ಳುವಂತೆ ಮಾಡಿದರು. "ಉಸಿರು ಎಳಿ. ಇನ್ನೂ ಎಳಿ. ಮಾತಾಡದೆ ಇರೋರಿಗೆ ಮೂಗು ಕಟ್ಟಿದ್ರೆ ನಷ್ಟ ಏನು ಅಂತೀನಿ" ಎಂದು ಬೈದರು. ಆದರೆ ಸ್ಟುಡಿಯೋದಲ್ಲಿ ರಜೆ ಕೇಳಿದರೆ ಸೌಂಡಣ್ಣ ಕೈಮುಗಿದುಬಿಟ್ಟ. "ಅಕ್ಕಾ, ಎಪಿಸೋಡು ಇವತ್ತೇ ಹೋಗಬೇಕು. ಮೂಗು ಕಟ್ಟಿದ್ರೆ ಕಟ್ಟಲಿ. ಹೆಣದ ಮನೆ, ಅತ್ತು ಅತ್ತು ಕಟ್ಟಿದೆ ಅಂದ್ಕೋತಾರೆ ಜನ." ಸೊಸೆ ನಾಲ್ಕೂ ಪಾರ್ಟನ್ನು ಅದೇ ಮೂಗಿನಲ್ಲಿ ಮುಗಿಸಿ ಬಂದಳು. ಪೆನ್ಸಿಲ್ ಕಚ್ಚಲೂ ಆಗಲಿಲ್ಲ, ಉಸಿರು ಬೇಕಲ್ಲ.

ಆ ಕಂತು ಟಿವಿಗೆ ಬರುವ ಹೊತ್ತಿಗೆ ಅವಳ ನೆಗಡಿ ಎಲ್ಲರಿಗೂ ಮರೆತುಹೋಗಿತ್ತು. ಕಂತು ಮುಗಿಯಿತು. ಮೇಷ್ಟ್ರು ಎದ್ದು ನಿಂತು ಲೋಲಕಕ್ಕೆ ಕೈ ಹಾಕುವಷ್ಟರಲ್ಲಿ ಹಿಂದಿನಿಂದ, ಎಕ್ಸ್‌ಚೇಂಜಿನ ಆ ಹಳೆಯ ಸ್ಪಷ್ಟ ದನಿಯಲ್ಲಿ, ಅತ್ತೆ ಕೇಳಿದರು.

"ನಾಲ್ಕೂ ಹೆಂಗಸರಿಗೆ ಒಂದೇ ದಿನ ನೆಗಡಿ ಹೇಗೆ ಬಂತು?"

ತಲೆಗಳೆಲ್ಲ ಸ್ಟೂಲಿನ ಕಡೆ ತಿರುಗಿದವು.

"ಒಂದೇ ಮನೆ ಅಲ್ವಾ, ಹರಡಿರುತ್ತೆ" ಎಂದ ಔಷಧಿ ಅಂಗಡಿಯವನು.

"ಇನ್‌ಸ್ಪೆಕ್ಟರು ಆ ಮನೇಲಿ ಇರ್ತಾಳಾ? ನೆಗಡಿ ಹರಡೋಕೂ ಎರಡು ದಿನ ಬೇಕಪ್ಪಾ. ಇಲ್ಲಿ ನಾಲ್ಕು ಜನರ ಮೂಗೂ ಒಂದೇ ಕಡೆ ಕಟ್ಟಿದೆ, ಎಡಗಡೆ ಹೊಳ್ಳೆ. ಲಕ್ಷಾಂತರ ದನಿ ಕೇಳಿದ ಕಿವಿ ಇದು. ನರ್ಸು, ಅಡುಗೆಯವಳು, ತಂಗಿ, ಇನ್‌ಸ್ಪೆಕ್ಟರು, ನಾಲ್ಕೂ ಒಬ್ಬಳೇ! ವೇಷ ಹಾಕ್ಕೊಂಡು ಆಡ್ತಿದಾಳೆ."

"ಅಮ್ಮಾ, ಮುಖ ಬೇರೆ ಬೇರೆ ಇದೆಯಲ್ಲ!" ಎಂದರು ಮೇಷ್ಟ್ರು.

"ಮೇಕಪ್ಪು."

"ಇನ್‌ಸ್ಪೆಕ್ಟರು ಎತ್ತರ, ಅಡುಗೆಯವಳು ಕುಳ್ಳಿ."

"ಹೀಲ್ಸು. ಮುಖ ಬದಲಾಯಿಸಬಹುದು ಮೇಷ್ಟ್ರೇ, ಗಂಟಲು ಬದಲಾಯಿಸೋಕೆ ಆಗಲ್ಲ. ಒಂದು ಹೇಳಿ, ಅವರು ನಾಲ್ಕು ಜನ ಒಟ್ಟಿಗೆ ಕೂತಿದ್ದನ್ನ ಇಷ್ಟು ದಿನದಲ್ಲಿ ಒಂದು ಸಲ ತೋರಿಸಿದಾರಾ? ಇವಳ ಮುಖ, ಆಮೇಲೆ ಅವಳ ಮುಖ. ಯಾಕೆ ಹಾಗೆ?"

ಹಳೆಯ ಕಂತುಗಳನ್ನು ಹಿಂದೆ ಓಡಿಸಿ ನೋಡಿದರು. ನಿಜ! ಒಮ್ಮೆಯೂ ಒಟ್ಟಿಗೆ ಬಂದಿರಲಿಲ್ಲ. ಇನ್ಶೂರೆನ್ಸ್ ಏಜೆಂಟ್ ಎದೆ ಹಿಡಿದುಕೊಂಡು, "ಹಾಗಾದ್ರೆ ನಾಲ್ಕು ನಾಮಿನಿ, ಕೈ ಒಂದೇ!" ಎಂದುಬಿಟ್ಟ.

ಬಾಗಿಲ ಹತ್ತಿರ ನಿಂತಿದ್ದ ಸೊಸೆ ಅಂಗೈಯಿಂದ ಮೂಗು ಮುಚ್ಚಿಕೊಂಡಳು. ಯಾರೂ ಅವಳ ಕಡೆ ನೋಡಲಿಲ್ಲ. ಅತ್ತೆಯಂತೂ ನೋಡಲೇ ಇಲ್ಲ.

ಆಮೇಲೆ ನಡೆದದ್ದನ್ನು ಏನು ಹೇಳಲಿ. ಅತ್ತೆಯ ಮಾತನ್ನು ಯಾರೋ ಫೋನಿನಲ್ಲಿ ರೆಕಾರ್ಡು ಮಾಡಿಕೊಂಡಿದ್ದರು. ಅದು ಅಭಿಮಾನಿಗಳ ಗುಂಪಿಗೆ ಹೋಯಿತು, ಅಲ್ಲಿಂದ ಇನ್ನೊಂದು ಗುಂಪಿಗೆ. ‘ನೆಗಡಿ ಸಿದ್ಧಾಂತ’ ಅಂತ ಹೆಸರೂ ಬಿತ್ತು. ಒಬ್ಬ ನಾಲ್ವರ ಕಿವಿಯ ಹಾಲೆ ಅಳೆದ, ಇನ್ನೊಬ್ಬ ನಾಲ್ವರೂ ಎಡಗೈಯಲ್ಲಿ ಬಾಗಿಲು ತೆಗೆಯುತ್ತಾರೆ ಅಂತ ಚಿತ್ರ ಹಾಕಿ ಕೆಂಪು ಬಾಣ ಗುರುತು ಹಾಕಿದ. ಮೂಲ ಭಾಷೆಯಲ್ಲೇ ನೋಡಿದ ಒಬ್ಬ ಪಾಪಿ, "ಅಲ್ಲಿ ಯಾರಿಗೂ ನೆಗಡಿಯೇ ಇಲ್ಲವಲ್ಲ" ಎಂದು ಬರೆದ. ಕಥೆಯ ಮಜಾ ಹಾಳು ಮಾಡುತ್ತಿದ್ದಾನೆ ಅಂತ ಅವನನ್ನು ಗುಂಪಿನಿಂದ ಕಿತ್ತುಹಾಕಿದರು. ಚಾನೆಲ್‌ನವರಿಗೆ ಹಬ್ಬ. ‘ನಾಲ್ವರೂ ಒಬ್ಬಳೇನಾ?’ ಎಂದು ಜಾಹೀರಾತನ್ನೇ ಮಾಡಿದರು. ಅದಕ್ಕೆ ದನಿ ಕೊಡಲು ಕರೆದದ್ದು ಯಾರನ್ನು? ಸೊಸೆಯನ್ನೇ. ಸೌಂಡಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. "ಆ ಅಜ್ಜಿ ಯಾರೋ ಮಹಾತಾಯಿ ಅಕ್ಕಾ. ಸಿಕ್ಕಿದ್ರೆ ಕಾಲಿಗೆ ಬೀಳ್ತೀನಿ."

"ನಮ್ಮತ್ತೆ" ಎಂದಳು ಸೊಸೆ. ಸೌಂಡಣ್ಣನ ನಗು ಅರ್ಧಕ್ಕೇ ನಿಂತಿತು. "ಬಾಯಿ ಬಿಟ್ಟಿಲ್ಲ ತಾನೇ? ಎರಡನೇ ಸೀಸನ್ನೂ ಬರ್ತಿದೆ. ಅದಕ್ಕೂ ನೀನೇ ಅಂತ ಚಾನೆಲ್‌ನವರು ಹೇಳಿದಾರೆ."

ಮನೆಯಲ್ಲಿ ಅತ್ತೆ ಹೊಸ ಮನುಷ್ಯರೇ ಆಗಿದ್ದರು. ಬೆತ್ತದ ಕುರ್ಚಿ ಈಗ ಅವರದು. ಮೇಷ್ಟ್ರೇ ಎದ್ದು ಬಿಟ್ಟುಕೊಟ್ಟಿದ್ದರು, ಜನ ಎಬ್ಬಿಸಿದ್ದರು ಅಂದರೂ ತಪ್ಪಿಲ್ಲ. ಲಿಫ್ಟಿನಲ್ಲಿ ಕಂಡವರು "ಎಕ್ಸ್‌ಚೇಂಜಮ್ಮಾ, ಈ ವಾರ ಏನಾಗುತ್ತೆ?" ಎಂದು ಕೇಳುತ್ತಿದ್ದರು. ಭಾನುವಾರ ಮಧ್ಯಾಹ್ನವೇ ಅವರು ತಲೆ ಬಾಚಿ, ಇಸ್ತ್ರಿ ಬಟ್ಟೆ ಹಾಕಿ, ಕನ್ನಡಿ ಮುಂದೆ ನಿಂತು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಮಂಡಿನೋವಿನ ಮಾತೇ ಇಲ್ಲ. ಒಂದು ಬೆಳಿಗ್ಗೆ ಪಾತ್ರೆ ತೊಳೆಯುತ್ತಾ "ನಂಬರ್ ಪ್ಲೀಸ್, ನಂಬರ್ ಪ್ಲೀಸ್" ಎಂದು ಹಾಡಿನ ಹಾಗೆ ಗುನುಗುತ್ತಿದ್ದುದನ್ನು ಸೊಸೆ ಕೇಳಿಸಿಕೊಂಡಳು. ಮದುವೆಯಾಗಿ ಬಂದಂದಿನಿಂದ ಅವಳು ಅತ್ತೆ ಗುನುಗಿದ್ದನ್ನು ಕೇಳಿರಲಿಲ್ಲ.

ಮೇಷ್ಟ್ರು ಮಾತ್ರ ಒಳಗೊಳಗೇ ಕುದಿಯುತ್ತಿದ್ದರು. ಕೊನೆಯ ಕಂತಿಗೆ ಒಂದು ವಾರ ಇರುವಾಗ ಎಲ್ಲರೆದುರು ಕೆಣಕಿದರು.

"ಅಕಸ್ಮಾತ್ ತಪ್ಪಾದ್ರೆ ಏನಮ್ಮಾ?"

"ತಪ್ಪಾದ್ರೆ ರಿಮೋಟು ನಿಮ್ಮ ಕೈಗಿಟ್ಟು ನಾನು ವಾಪಸ್ ಚಪ್ಪಲಿ ಹತ್ರ ಹೋಗ್ತೀನಿ. ಆಮೇಲೆ ಈ ಹಾಲಲ್ಲಿ ನಾನು ಬಾಯಿ ಬಿಟ್ರೆ ಕೇಳಿ. ಸಾಕಾ?"

"ಎಲ್ಲರೂ ಕೇಳಿಸ್ಕೊಂಡ್ರಲ್ಲ?" ಎಂದರು ಮೇಷ್ಟ್ರು, ತರಗತಿಗೆ ಹೇಳುವಂತೆ.

ಮಾರನೆಯ ದಿನವೇ ಕೊನೆಯ ಕಂತು ಸ್ಟುಡಿಯೋಗೆ ಬಂತು. ಸೊಸೆ ಹೆಡ್‌ಫೋನ್ ಹಾಕಿಕೊಂಡು ಗಾಜಿನಾಚೆಯ ಪರದೆ ನೋಡಿದಳು. ಆ ಮನೆಯ ಅಡುಗೆಕೋಣೆ. ಒಂದೇ ಮೇಜು. ಮೇಜಿನ ಸುತ್ತ ನರ್ಸು, ಅಡುಗೆಯವಳು, ತಂಗಿ, ಇನ್‌ಸ್ಪೆಕ್ಟರು. ನಾಲ್ವರೂ ಒಂದೇ ಚೌಕಟ್ಟಿನಲ್ಲಿ, ಭುಜಕ್ಕೆ ಭುಜ ತಾಗಿಸಿಕೊಂಡು ಕೂತಿದ್ದಾರೆ.

"ಅಯ್ಯೋ" ಎಂದಳು ಸೊಸೆ.

"ಅಲ್ಲಿ ಅಯ್ಯೋ ಇಲ್ಲ ಅಕ್ಕಾ, ಸ್ಕ್ರಿಪ್ಟು ನೋಡು" ಎಂದ ಸೌಂಡಣ್ಣ.

ಆಮೇಲೆ ಶುರುವಾಯಿತು ನೋಡಿ ಜಗಳ. ತಂಗಿ ನರ್ಸಿಗೆ ಬೈದಳು, ನರ್ಸು ಅಡುಗೆಯವಳ ಮೇಲೆ ಹಾಕಿದಳು, ಅಡುಗೆಯವಳು ಅಳುತ್ತಾ ಬಟ್ಟಲು ಒಡೆದಳು, ಇನ್‌ಸ್ಪೆಕ್ಟರು ಮೂವರನ್ನೂ ಸುಮ್ಮನಿರಿಸಿದಳು. ಸೊಸೆ ಮೂಗು, ಪೆನ್ಸಿಲು, ಮೇಲ್ಗಂಟಲು, ಹೊಟ್ಟೆ ಎಂದು ಸುತ್ತು ಹೊಡೆದು ಹೊಡೆದು ತಲೆ ತಿರುಗಿ ಮೈಕಿನ ಸ್ಟ್ಯಾಂಡು ಹಿಡಿದುಕೊಂಡಳು. ಕೊನೆಗೆ ಇನ್‌ಸ್ಪೆಕ್ಟರಮ್ಮ ನಿಜ ಹೇಳಿದಳು: ಮುದುಕನನ್ನು ಯಾರೂ ಕೊಂದಿಲ್ಲ. ಮೆಟ್ಟಿಲ ಮೇಲೆ ಪಾಚಿ ಇತ್ತು. ಕಾಲು ಜಾರಿತು. ಬಿದ್ದ.

"ಇಷ್ಟೇನಾ?" ಎಂದಳು ಸೊಸೆ.

"ಇಷ್ಟೇ. ಇಷ್ಟು ದಿನ ನಾವು ಬೆವರು ಸುರಿಸಿದ್ದು ಪಾಚಿಗೆ."

ಕಟ್ಟಕಡೆಯ ದೃಶ್ಯ. ಅಡುಗೆಯವಳು ಕೆಲಸ ಬಿಟ್ಟು ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. ಸ್ಕ್ರಿಪ್ಟಿನಲ್ಲಿ ಇದ್ದದ್ದು ‘ಬರ್ತೀನಿ’ ಎಂಬ ಒಂದೇ ಪದ. ಸೊಸೆ ಬರ್ತೀನಿ ಅಂದು ಮುಗಿಸಿದರೂ ಪರದೆಯ ಮೇಲೆ ಅಡುಗೆಯವಳ ತುಟಿ ಆಡುತ್ತಲೇ ಇತ್ತು. ಅನುವಾದ ಮಾಡಿದವನು ನಿದ್ದೆಗಣ್ಣಲ್ಲಿ ಬರೆದಿರಬೇಕು.

"ಬಾಯಿ ಇನ್ನೂ ಆಡ್ತಿದೆ, ಏನಾದ್ರೂ ತುಂಬಿಸು ಅಕ್ಕಾ!" ಎಂದು ಸೌಂಡಣ್ಣ ಗಾಜು ಬಡಿದ.

ಹೊಸ್ತಿಲು, ಚೀಲ, ಹೊರಗೆ ಹೊರಟ ಹೆಂಗಸು. ಸೊಸೆ ಯೋಚಿಸಲೇ ಇಲ್ಲ. ನಾಲಿಗೆ ತಾನಾಗಿ ಹೊರಳಿತು. ಪೆನ್ಸಿಲ್ ಕಚ್ಚಿಕೊಳ್ಳಲೂ ಮರೆತು, "ಗ್ಯಾಸ್ ಆರಿಸಿದೀನಿ, ಬಾಗಿಲು ಹಾಕ್ಕೊಳ್ಳಿ" ಎಂದಳು. ತುಟಿಗೆ ಅಚ್ಚು ಹೊಯ್ದ ಹಾಗೆ ಕೂತಿತು.

"ಓಕೆ! ಸಾಕು, ಇದೇ ಇರಲಿ" ಎಂದ ಸೌಂಡಣ್ಣ.

ಮನೆಗೆ ಬರುವ ದಾರಿಯುದ್ದಕ್ಕೂ ಸೊಸೆಯ ಕಣ್ಣಿಗೆ ಕಟ್ಟಿದ್ದು ಆ ಸ್ಟೂಲು. ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ಅತ್ತೆಯ ಕುರ್ಚಿ ಹೋಗುತ್ತದೆ. ಮುಂಚೆಯೇ ತಿಳಿದರೆ ಅತ್ತೆ ಹೇಗಾದರೂ ಮಾತು ತಿರುಗಿಸಿಕೊಳ್ಳಬಹುದು. ಕೊಲೆಯೇ ಅಲ್ಲ ಅಂತ ಮೊದಲೇ ಹೇಳಿ ಗೆಲ್ಲಲೂಬಹುದು. ಬೇರೆ ಸ್ಟುಡಿಯೋ ಸಿಕ್ಕೀತು. ಅತ್ತೆಗೆ ಬೇರೆ ಎಕ್ಸ್‌ಚೇಂಜು ಎಲ್ಲಿ ಸಿಗುತ್ತದೆ?

ಸಂಜೆ ಇಬ್ಬರೂ ಅಡುಗೆಮನೆಯಲ್ಲಿ ಕೂತು ಬೀನ್ಸಿನ ನಾರು ತೆಗೆಯುತ್ತಿದ್ದಾಗ ಸೊಸೆ ಶುರುಮಾಡಿದಳು.

"ಅತ್ತೆ, ಆ ಮುದುಕ... ಸುಮ್ನೆ ಜಾರಿ ಬಿದ್ದಿರಬಹುದಲ್ವಾ?"

ಅತ್ತೆ ನಾರು ತೆಗೆಯುವುದನ್ನು ನಿಲ್ಲಿಸಿ ಅವಳನ್ನು ನೋಡಿದರು. "ಬಾಯಿ ಬಿಟ್ಯಾ? ಬಿಟ್ಟಿದ್ದಕ್ಕೆ ಇದಾ ಮಾತು? ಜಾರಿ ಬಿದ್ರೆ ಅದನ್ನ ಇಷ್ಟು ತಿಂಗಳು ತೋರಿಸ್ತಾರೇನೇ? ನಾವೇನು ತಲೆಕೆಟ್ಟವರಾ ಕೂತು ನೋಡೋಕೆ?"

"ಇಲ್ಲ ಅತ್ತೆ, ನಂಗೆ ಗೊತ್ತು."

"ಎಲ್ಲರಿಗೂ ಗೊತ್ತು. ಆ ಮಾತ್ರೆ ಮಾರೋನಿಗೂ ಗೊತ್ತಂತೆ."

ಸೊಸೆ ಎದ್ದು ಹೋಗಿ ಬಾಗಿಲು ಹಾಕಿ ಬಂದಳು. ದನಿ ತಗ್ಗಿಸಿ ಎಲ್ಲವನ್ನೂ ಹೇಳಿದಳು. ಟೈರ್ ಅಂಗಡಿ, ಮೊಟ್ಟೆ ಟ್ರೇ, ನಾಲ್ಕು ಪಾರ್ಟು, ನೆಗಡಿ. "ಅದು ನಾನೇ ಅತ್ತೆ. ನಾಲ್ಕೂ ನಾನೇ. ಯಾರಿಗಾದ್ರೂ ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ, ಎರಡನೇ ಸೀಸನ್ನೂ ಹೋಗುತ್ತೆ. ಆದ್ರೂ ಹೇಳ್ತಿದೀನಿ, ನೀವು ಆ ಸಿದ್ಧಾಂತ ಬಿಟ್ಟುಬಿಡಿ."

ಅತ್ತೆ ಅವಳನ್ನೇ ದಿಟ್ಟಿಸಿ ನೋಡಿದರು. ಆಮೇಲೆ ಮೊರದಲ್ಲಿದ್ದ ಬೀನ್ಸೆಲ್ಲ ಕುಣಿಯುವಂತೆ ನಕ್ಕರು.

"ನೀನು! ಆ ಇನ್‌ಸ್ಪೆಕ್ಟರು ನೀನು! ಉಪ್ಪು ಬೇಕಾದ್ರೆ ಬೆರಳು ತೋರಿಸೋಳು!"

ಸೊಸೆಗೆ ಅವಮಾನವಾಯಿತು. ನೆಟ್ಟಗೆ ನಿಂತು, ಹೊಟ್ಟೆಯಿಂದ ದನಿ ತೆಗೆದು, "ನಿಜ ಹೇಳು, ನಿನ್ನೆ ಸಂಜೆ ಎಲ್ಲಿದ್ದೆ?" ಎಂದು ಇನ್‌ಸ್ಪೆಕ್ಟರಂತೆ ಗದರಿಸಿದಳು. ಹಿಂದೆಯೇ ಮೂಗಿನಲ್ಲಿ, "ಹೋಗಿಬಿಟ್ಟಿದ್ದಾರೆ" ಎಂದಳು.

ಅತ್ತೆ ಕಣ್ಣು ಮುಚ್ಚಿ, ತಲೆ ಒಂದು ಕಡೆ ವಾಲಿಸಿ, ಪರೀಕ್ಷಕರ ಹಾಗೆ ಆಲಿಸಿದರು. "ಪರವಾಗಿಲ್ಲ, ಮಿಮಿಕ್ರಿ ಚೆನ್ನಾಗೇ ಮಾಡ್ತೀಯ. ಆದ್ರೆ ನರ್ಸಿಗೆ ಮೂಗು ಇನ್ನೂ ಸ್ವಲ್ಪ ಬೇಕು. ಇನ್‌ಸ್ಪೆಕ್ಟರಿಗೆ ಆ ಗತ್ತು ಸಾಲದು. ಹತ್ರ ಬಂದಿದೀಯ, ಅದೇ ಆಗಿಲ್ಲ. ಬೇರೆಯೋರು ಮೋಸ ಹೋಗಬಹುದು ಕಣೇ, ಈ ಕಿವಿ ಹೋಗಲ್ಲ." ಮತ್ತೆ ಬೀನ್ಸ್ ಕೈಗೆತ್ತಿಕೊಂಡು, ಸ್ವಲ್ಪ ಮೃದುವಾಗಿ, "ನಾನು ಸೋಲ್ತೀನಿ ಅಂತ ನಿಂಗೆ ಭಯ. ಅದಕ್ಕೆ ಕಥೆ ಕಟ್ಟಿದೀಯ. ಒಳ್ಳೇ ಹುಡುಗಿ. ಹೋಗು, ಗಂಟಲಿಗೆ ಬಿಸಿನೀರು ಕುಡಿ, ಒಂದೇ ದಿನ ಇಷ್ಟು ಮಾತಾಡಿದೀಯ" ಎಂದರು.

ಭಾನುವಾರ ಹಾಲ್‌ನಲ್ಲಿ ಎಳ್ಳು ಚೆಲ್ಲಿದರೆ ನೆಲಕ್ಕೆ ಬೀಳದು ಅನ್ನುವ ಹಾಗೆ ಜನ. ಪಕ್ಕದ ಕಟ್ಟಡದವರೂ ಬಂದಿದ್ದರು. ಅತ್ತೆ ಬೆತ್ತದ ಕುರ್ಚಿಯಲ್ಲಿ ಪಟ್ಟಕ್ಕೇರಿದ ಹಾಗೆ ಕೂತಿದ್ದರು. ಮೇಷ್ಟ್ರು ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡಿದ್ದರು. ಸೊಸೆ ಚಪ್ಪಲಿ ಸ್ಟ್ಯಾಂಡಿನ ಪಕ್ಕದ ಸ್ಟೂಲಿನ ಮೇಲೆ. ಬಂದವರೆಲ್ಲ ಈಗ ಅವಳ ಹೆಗಲು ಹಿಡಿದು ಚಪ್ಪಲಿ ಬಿಟ್ಟರು.

ಅಡುಗೆಕೋಣೆ ಬಂತು. ಮೇಜು ಬಂತು. ನಾಲ್ವರೂ ಒಟ್ಟಿಗೆ ಬಂದರು.

ಹಾಲ್‌ನಿಂದ ‘ಹಾ’ ಎಂದು ಒಂದೇ ಉಸಿರು ಹೊರಟಿತು. ಮೇಷ್ಟ್ರು ಜೇಬಿನಿಂದ ಕರವಸ್ತ್ರ ತೆಗೆದು ಕನ್ನಡಕ ಒರೆಸಿಕೊಂಡರು, ಅಷ್ಟೇ. ಅತ್ತೆಯ ಬೆನ್ನು ಮಾತ್ರ ಸೊಸೆಗೆ ಕಾಣುತ್ತಿತ್ತು. ಇಸ್ತ್ರಿ ಮಾಡಿದ ಬಟ್ಟೆಯೊಳಗೆ ಆ ಬೆನ್ನು ಸ್ವಲ್ಪ ಸ್ವಲ್ಪವಾಗಿ ಕುಗ್ಗುತ್ತಾ ಹೋಯಿತು. ಪಾಚಿ ಬಂತು, ಕಾಲು ಜಾರಿತು, ಯಾರೂ ನಂಬದೆ ಗುಜುಗುಜು ಎದ್ದಿತು. ಆ ಗಲಾಟೆಯ ನಡುವೆ ಪರದೆಯ ಮೇಲೆ ಅಡುಗೆಯವಳು ಚೀಲ ಹಿಡಿದು ಬಾಗಿಲಿಗೆ ಬಂದಳು.

"ಬರ್ತೀನಿ. ಗ್ಯಾಸ್ ಆರಿಸಿದೀನಿ, ಬಾಗಿಲು ಹಾಕ್ಕೊಳ್ಳಿ."

ಅತ್ತೆಯ ತಲೆ ತಟ್ಟನೆ ಮೇಲೆದ್ದಿತು. ಎಕ್ಸ್‌ಚೇಂಜಿನಲ್ಲಿ ತಪ್ಪು ಲೈನು ಸೇರಿದಾಗ ಏಳುತ್ತಿದ್ದ ಹಾಗೆ. ನಿಧಾನವಾಗಿ, ಕುರ್ಚಿಯ ತೋಳು ಹಿಡಿದು, ಅವರು ಹಿಂದಕ್ಕೆ ತಿರುಗಿದರು. ಸಾಲು ಸಾಲು ತಲೆಗಳನ್ನು ದಾಟಿ ಅವರ ಕಣ್ಣು ಚಪ್ಪಲಿ ಸ್ಟ್ಯಾಂಡಿನ ಹತ್ತಿರ ಬಂದು ನಿಂತಿತು. ಹೆಸರಿನ ಪಟ್ಟಿ ಓಡಿ, ಟಿವಿಯಲ್ಲಿ ಜಾಹೀರಾತು ಶುರುವಾದರೂ ನಿಂತೇ ಇತ್ತು.

"ಏನಮ್ಮಾ ಎಕ್ಸ್‌ಚೇಂಜಮ್ಮಾ?" ಎಂದರು ಮೇಷ್ಟ್ರು. "ನಾಲ್ವರೂ ಒಬ್ಬಳೇ ಅಂದ್ರಲ್ಲ. ಎಲ್ಲಿ ಆ ಒಬ್ಬಳು? ತೋರಿಸಿ ನೋಡೋಣ."

ಜನ ನಕ್ಕರು. ಮೊನ್ನೆಯವರೆಗೆ ಲಿಫ್ಟಿನಲ್ಲಿ ಕೈಮುಗಿಯುತ್ತಿದ್ದವರೂ ನಕ್ಕರು.

ಸೊಸೆಗೆ ತಡೆಯಲಾಗಲಿಲ್ಲ. ಸ್ಟೂಲಿನಿಂದ ಎದ್ದು ನಿಂತಳು. ಹೋದರೆ ಹೋಗಲಿ ಕೆಲಸ. "ಮೇಷ್ಟ್ರೇ, ಆ ಒಬ್ಬಳು..."

"ನೀನು ಸುಮ್ನಿರೇ!" ಅತ್ತೆ ಹಾಲ್ ನಡುಗುವ ಹಾಗೆ ಗದರಿದರು. "ನಿಂಗೆ ಮಾತಾಡಿ ಅಭ್ಯಾಸ ಇಲ್ಲ. ಏನಾದ್ರೂ ಒಂದು ಹೋಗಿ ಇನ್ನೊಂದು ಅಂತೀಯ. ಕೂತ್ಕೋ."

ಸೊಸೆ ಸ್ಟೂಲಿನ ಮೇಲೆ ಧಪ್ಪನೆ ಕೂತಳು. ಅತ್ತೆ ಮೇಷ್ಟ್ರ ಕಡೆ ತಿರುಗಿ, ರಿಮೋಟು ತೆಗೆದು ಅವರ ಕೈಗಿಟ್ಟರು.

"ನನ್ನ ಕಿವಿ ತಪ್ಪಿತು ಮೇಷ್ಟ್ರೇ. ವಯಸ್ಸಾಯ್ತು ನೋಡಿ."

ಹೇಳಿ ಅವರು ಕುರ್ಚಿಗಳ ಸಾಲಿನ ನಡುವೆ ನಡೆದು ಬಂದರು. ನಡಿಗೆಯಲ್ಲಿ ಮಂಡಿನೋವು ವಾಪಸ್ಸಾಗಿತ್ತು. ಆದರೆ ಮುಖದ ಮೇಲೆ ಸೋತವರ ಕಳೆ ಇರಲಿಲ್ಲ. ಸಿಹಿ ಕದ್ದು ಬಾಯಿಗಿಟ್ಟುಕೊಂಡ ಮಗುವಿನ ಹಾಗೆ ತುಟಿ 	ಬಿಗಿದುಕೊಂಡಿದ್ದರು. ಬಂದು ಸೊಸೆಯನ್ನು ಸೊಂಟದಿಂದ ತಳ್ಳಿ, ಆ ಸಣ್ಣ ಸ್ಟೂಲಿನಲ್ಲೇ ಅರ್ಧ ಜಾಗ ಮಾಡಿಕೊಂಡು ಕೂತರು.

ಅಷ್ಟರಲ್ಲಿ ಮುಂದೆ ಮೇಷ್ಟ್ರು ಬೆತ್ತದ ಕುರ್ಚಿಯೇರಿ ಹೊಸ ಪಾಠ ಶುರುಮಾಡಿಯಾಗಿತ್ತು. ಪಾಚಿ ಸಹಜವಲ್ಲವಂತೆ, ಯಾರೋ ಬೆಳೆಸಿದ್ದಂತೆ, ಎರಡನೇ ಸೀಸನ್ನಿನಲ್ಲಿ ತಿಳಿಯುತ್ತದಂತೆ. ಪಾಚಿ ಬೆಳೆಯಲು ಯಾವ ಔಷಧಿ ಹಾಕಬೇಕು ಅಂತ ತನಗೆ ಗೊತ್ತು ಎಂದ ಔಷಧಿ ಅಂಗಡಿಯವನು. ಹಿಂದಿನ ಸಾಲಿನಿಂದ ಒಂದು ಕೈ ಮೇಲೆದ್ದಿತು. "ಅದೆಲ್ಲ ಇರಲಿ, ಕೊಳಕ್ಕೆ ನಾಮಿನಿ ಯಾರು?"

"ಅತ್ತೆ" ಎಂದಳು ಸೊಸೆ, ಪಿಸುದನಿಯಲ್ಲಿ. "ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿನ್ನ ಕೆಲಸಕ್ಕೆ ಕಲ್ಲು ಬೀಳಲ್ವಾ? ಕುರ್ಚಿ ಹಾಳಾಗಿಹೋಗಲಿ, ಮೆತ್ತೆಯಲ್ಲಿ ತಿಗಣೆ ಬೇರೆ ಇದೆ." ಯಾರೋ ಹೊರಡುವವರು ಚಪ್ಪಲಿ ಮೆಟ್ಟಲು ಅವರ ಹೆಗಲಿಗೆ ಕೈ ಹಾಕಿದರು. ಅತ್ತೆ ಆ ಕೈಯನ್ನು ನೊಣ ಓಡಿಸುವಂತೆ ಕೊಡವಿ, ಸೊಸೆಯ ಕಿವಿಗೆ ಬಾಯಿ ತಂದರು. "ಆದ್ರೂ ನನ್ನ ಮಾತೇ ನಿಜ ಆಯ್ತು ನೋಡು. ಒಬ್ಬಳೇ."

"ಹೂಂ."

"ಹೂಂ ಅಂತೆ ಹೂಂ. ಬಾಯಿ ಬಿಟ್ಟು ಮಾತಾಡು. ಆ ನರ್ಸಿನ ಮೂಗು ಸ್ವಲ್ಪ ಜಾಸ್ತಿ ಹಾಕು ಅಂತ ಮೊನ್ನೆನೇ ಹೇಳಿದೀನಿ, ಮನೇಲಿ ಅಭ್ಯಾಸ ಮಾಡೋಣ. ಇನ್ನೊಂದು ವಿಷಯ."

"ಏನತ್ತೆ?"

"ಮುಂದಿನ ಸಲ ನೆಗಡಿ ಬಂದ್ರೆ ರಜೆ ಹಾಕು. ಮನೆಯ ನೆಗಡೀನ ಹೀಗೆ ನಾಲ್ಕು ಜನಕ್ಕೆ ಹಂಚಬೇಡ."